ಖಜಾಂಚಿಯ ಹೆಸರಿನ ಪಾರಿತೋಷಕ

ಸಾಣಾಪುರದ ಕೆರೆಯ ಕೆಳಗಣ ಗದ್ದೆಗಳಲ್ಲಿ ಭತ್ತದ ಕೊಯ್ಲು ಮುಗಿದು ಹುಲ್ಲು ಬಣವೆಗೇರಿತೆಂದರೆ, ಬರಿದಾದ ಆ ನೆಲವು ಕೆಲವು ವಾರಗಳ ಮಟ್ಟಿಗೆ ಊರ ಹುಡುಗರ ಸ್ವತ್ತಾಗುತ್ತದೆ. ಸುತ್ತಲೂ ಬಂಡೆಗಲ್ಲಿನ ಗುಡ್ಡಗಳು. ಒಂದು ಮಗ್ಗುಲಿಗೆ ತುಂಗಭದ್ರೆಯ ಕಾಲುವೆ. ಇನ್ನೊಂದು ಮಗ್ಗುಲಿಗೆ ಬಾಳೆಯ ತೋಟ. ನಡುವೆ ಮೂರು ಕೋಲುಗಳನ್ನು ನೆಟ್ಟು ಹುಡುಗರು ಕ್ರಿಕೆಟ್ ಆಡುತ್ತಾರೆ. ಚೆಂಡು ತೋಟಕ್ಕೆ ಬಿದ್ದರೆ ಆಟವು ಸ್ವಲ್ಪ ಹೊತ್ತು ನಿಲ್ಲುತ್ತದೆ. ಕಾಲುವೆಗೆ ಬಿದ್ದರೆ ಆ ದಿನದ ಆಟವೇ ಮುಗಿಯುತ್ತದೆ.

ಇಂಥ ಆಟಕ್ಕೂ ಒಬ್ಬ ಖಜಾಂಚಿ ಬೇಕು. ಈ ವರ್ಷ ಆ ಪದವಿಯು ನಮ್ಮ ಮೊಮ್ಮಗನಿಗೆ ಬಂದಿತು. ಹುಡುಗರು ತಲೆಗೆ ಹತ್ತು ರೂಪಾಯಿಯಂತೆ ಕೂಡಿಸಿದ ಹಣವನ್ನು ಕಾಯುವುದು, ಗಂಗಾವತಿಗೆ ಹೋಗಿ ಚೆಂಡು ತರುವುದು, ಯಾರು ಕೊಟ್ಟರು, ಯಾರು ಕೊಡಲಿಲ್ಲ ಎಂಬುದನ್ನು ಬರೆದಿಡುವುದು, ಪಂದ್ಯದ ದಿನ ರನ್ನುಗಳನ್ನು ಎಣಿಸುವುದು, ಇವಿಷ್ಟೂ ಅವನ ಪಾಲಿನ ಕೆಲಸ. ಹನ್ನೊಂದು ಮಂದಿಯ ಪಟ್ಟಿಯಲ್ಲಿ ಮಾತ್ರ ಅವನ ಹೆಸರು ಬರಲಿಲ್ಲ. ಒಂದು ಸಂಜೆ ಅವನು ಲೆಕ್ಕದ ಪುಸ್ತಕವನ್ನು ಜಗುಲಿಯ ಮೇಲೆ ಎಸೆದು, ನನ್ನ ಕೈಯಲ್ಲಿದ್ದ ವರ್ತಮಾನ ಪತ್ರಿಕೆಯ ಆಟದ ಪುಟವನ್ನು ಇಣಿಕಿ ನೋಡಿ, "ತಾತಾ, ಇರಾನಿ ಕಪ್ ಅಂತ ಬರದಾರಲ್ಲ, ಆ ಇರಾನಿ ಎಷ್ಟು ಸೆಂಚುರಿ ಹೊಡ್ದಾನ?" ಎಂದು ಕೇಳಿದನು.

"ಅವರ ಹೆಸರು ನಿಂತದ್ದು ಸೆಂಚುರಿಯಿಂದ ಅಲ್ಲಪ್ಪ, ಲೆಕ್ಕದ ಪುಸ್ತಕದಿಂದ," ಎಂದೆನು.

ಅವನು ನಂಬಲಿಲ್ಲ. "ಲೆಕ್ಕ ಬರದವ್ರ ಹೆಸ್ರು ಕಪ್ಪಿಗೆ ಯಾರು ಇಡ್ತಾರ ತಾತಾ?" ಎಂದು ನಕ್ಕುಬಿಟ್ಟನು.

ಹುಡುಗನ ಪ್ರಶ್ನೆಯು ಚಿಕ್ಕದು. ಅದರ ಉತ್ತರವು ಚಿಕ್ಕದಲ್ಲ. ನಮ್ಮ ದೇಶದ ಆಟದ ಪಾರಿತೋಷಕಗಳಿಗೆ ಯಾರ ಯಾರ ಹೆಸರುಗಳು ಬಂದುವೆಂಬುದನ್ನು ಕ್ರಮವಾಗಿ ನೋಡಿದರೆ, ಈ ಆಟವು ಯಾರ ಹೆಗಲ ಮೇಲೆ ನಿಂತು ಬೆಳೆಯಿತೆಂಬುದೂ ತಿಳಿದುಬರುತ್ತದೆ. ಆ ಕಥೆಯನ್ನೇ ವಾಚಕರ ಮುಂದೆ ಇಡುತ್ತೇನೆ.

ಇಂದು ಕೊಪ್ಪಳ ಜಿಲ್ಲೆಗೆ ಸೇರಿದ ನಮ್ಮ ಸಾಣಾಪುರವು ೧೯೪೮ರವರೆಗೆ ನಿಜಾಮರ ಹೈದರಾಬಾದು ಸಂಸ್ಥಾನದಲ್ಲಿತ್ತು. ಆ ಸಂಸ್ಥಾನದ ರಾಜಧಾನಿಯಲ್ಲಿ ೧೯೩೦-೩೧ರಲ್ಲಿ ಒಂದು ಬಂಗಾರದ ಕಪ್ಪಿಗಾಗಿ ಪಂದ್ಯಗಳು ಆರಂಭವಾದುವು. ಅದನ್ನಿತ್ತವರು ಪಾಯ್ಗಾ ಮನೆತನದ ಅಮೀರರಾದ ನವಾಬ ಮೊಯಿನುದ್ದೌಲಾ ಬಹಾದ್ದೂರರು. ಕಪ್ಪಿಗೂ ಅವರದೇ ಹೆಸರು. ಅರಸುಮಕ್ಕಳು ತಮ್ಮ ತಮ್ಮ ತಂಡಗಳನ್ನು ಕಟ್ಟಿಕೊಂಡು ಅಲ್ಲಿಗೆ ಬರುತ್ತಿದ್ದರು. ವೆಸ್ಟ್ ಇಂಡೀಸಿನ ಪ್ರಖ್ಯಾತ ಆಟಗಾರನಾದ ಲಿಯರಿ ಕಾನ್‌ಸ್ಟಂಟೈನನು ಸಹ ೧೯೩೪-೩೫ರಲ್ಲಿ ಆ ಕಪ್ಪಿಗಾಗಿ ಹೈದರಾಬಾದಿಗೆ ಬಂದು ಆಡಿದನು.

ಇದಕ್ಕೂ ಮೊದಲು, ೧೯೨೮ರ ಡಿಸೆಂಬರಿನಲ್ಲಿ, ಭಾರತದ ಕ್ರಿಕೆಟ್ ನಿಯಂತ್ರಣ ಮಂಡಳಿಯು ಸ್ಥಾಪಿತವಾಗಿತ್ತು. ದೇಶದ ಎಲ್ಲ ಪ್ರಾಂತಗಳೂ ಸಂಸ್ಥಾನಗಳೂ ಒಂದೇ ಪಾರಿತೋಷಕಕ್ಕಾಗಿ ಸೆಣಸಬೇಕೆಂಬ ವಿಚಾರವು ೧೯೩೪ರಲ್ಲಿ ಸಿಮ್ಲಾದ ಸಭೆಯಲ್ಲಿ ಪಕ್ವವಾಯಿತು. ಪಟಿಯಾಲದ ಮಹಾರಾಜ ಭೂಪಿಂದರ ಸಿಂಗರು ಬಂಗಾರದ ಕಪ್ಪನ್ನು ಕೊಡಲೊಪ್ಪಿದರು. ಹಿಂದಿನ ವರ್ಷ ತೀರಿಕೊಂಡಿದ್ದ ನವಾನಗರದ ಜಾಮಸಾಹೇಬ ರಣಜಿತಸಿಂಹರ ಹೆಸರನ್ನು ಅದಕ್ಕಿಟ್ಟರು. ಇದೇ ರಣಜಿ ಪಾರಿತೋಷಕ. ಇದರ ಮೊಟ್ಟಮೊದಲನೆಯ ಪಂದ್ಯವು ೧೯೩೪ರ ನವೆಂಬರ ೪ರಂದು ಮದರಾಸಿನಲ್ಲಿ ಮೈಸೂರಿಗೂ ಮದರಾಸಿಗೂ ನಡೆಯಿತು. ಮೈಸೂರಿನವರು ಮೊದಲು ೪೮, ಮತ್ತೆ ೫೯ ರನ್ನುಗಳಿಗೆ ಕುಸಿದು, ಒಂದೇ ದಿನದಲ್ಲಿ ಸೋತು ಮನೆಗೆ ಮರಳಿದರು. ಹೈದರಾಬಾದು ತಂಡವಾದರೋ ೧೯೩೭-೩೮ರಲ್ಲಿ ರಣಜಿಯನ್ನು ಗೆದ್ದಿತು. ಅಂದಿನ ಸರಹದ್ದಿನ ಲೆಕ್ಕದಲ್ಲಿ ನೋಡಿದರೆ ಅದು ನಮ್ಮ ಸೀಮೆಯ ಗೆಲುವೇ ಸರಿ.

ಹೀಗೆ ಮೊದಲ ಕಪ್ಪಿಗೆ ನವಾಬರ ಹೆಸರು. ಎರಡನೆಯದಕ್ಕೆ ಅರಸರ ಹೆಸರು. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಹಣವು ಅವರದು, ಮೈದಾನವು ಅವರದು, ಎಷ್ಟೋ ಆಟಗಾರರ ಊಟದ ತಟ್ಟೆಯೂ ಅವರದೇ ಆಗಿದ್ದಿತು. ಒಳ್ಳೆಯ ಆಟಗಾರನಿಗೆ ಸಂಸ್ಥಾನದ ದಂಡಿನಲ್ಲಿಯೋ ಕಚೇರಿಯಲ್ಲಿಯೋ ಒಂದು ನೌಕರಿ ಕೊಟ್ಟು ಸಾಕಿಕೊಳ್ಳುವುದು ಅಂದಿನ ಪದ್ಧತಿಯಾಗಿತ್ತು.

ಆದರೆ ೧೯೪೭-೪೮ರಲ್ಲಿ ಸಂಸ್ಥಾನಗಳು ಒಂದೊಂದಾಗಿ ಭಾರತದಲ್ಲಿ ವಿಲೀನವಾದುವು. ದೊರೆಗಳ ಬೊಕ್ಕಸದ ಬಾಗಿಲು ಮುಚ್ಚಿತು. ಅದರ ಪರಿಣಾಮವು ಎಂಥದೆಂಬುದಕ್ಕೆ ಇಂದೂರಿನ ಹೋಳ್ಕರ ತಂಡವೇ ನಿದರ್ಶನ. ಆ ತಂಡವು ೧೯೪೫-೪೬ರಿಂದ ೧೯೫೨-೫೩ರೊಳಗೆ ನಾಲ್ಕು ಸಲ ರಣಜಿಯನ್ನು ಗೆದ್ದಿತ್ತು. ಅರಸರ ಆಶ್ರಯವು ತಪ್ಪಿದ ಕೆಲವೇ ವರ್ಷಗಳಲ್ಲಿ ಅದರ ಹೆಸರೇ ಪಟ್ಟಿಯಿಂದ ಅಳಿಸಿಹೋಯಿತು. ಆ ಸೀಮೆಯನ್ನು ಒಳಗೊಂಡ ಮಧ್ಯಪ್ರದೇಶದ ತಂಡಕ್ಕೆ ರಣಜಿಯು ದೊರೆತುದು ೨೦೨೧-೨೨ರಲ್ಲಿ! ಒಬ್ಬರ ಔದಾರ್ಯವನ್ನೇ ನೆಚ್ಚಿದ ಮನೆಯು ಆ ಒಬ್ಬರೊಡನೆಯೇ ಮುಳುಗುತ್ತದೆಂಬ ಮಾತು ಗೃಹಸ್ಥರಿಗೆ ಹೊಸತಲ್ಲ.

ಇನ್ನು ಮೇಲೆ ಆಟವು ತನ್ನ ಕಾಲ ಮೇಲೆ ತಾನೇ ನಿಲ್ಲಬೇಕಾಯಿತು. ಪ್ರೇಕ್ಷಕರು ಬಾಗಿಲಲ್ಲಿ ಕೊಟ್ಟ ಹಣ, ಪ್ರಾಂತಗಳ ವರ್ಗಣಿ, ಇವುಗಳಲ್ಲಿಯೇ ಎಲ್ಲವೂ ಸಾಗಬೇಕು. ಹನ್ನೊಂದು ಮಂದಿ ಬಿಳಿಯ ಉಡುಪಿನಲ್ಲಿ ಮೈದಾನಕ್ಕಿಳಿಯುವ ಮುನ್ನ ನಡೆಯಬೇಕಾದ ಕೆಲಸಗಳು ಎಷ್ಟಿರುತ್ತವೆಂಬುದನ್ನು ನೋಡುವವರು ಕಡಿಮೆ. ರೈಲಿನ ಚೀಟಿ ಕೊಳ್ಳಬೇಕು. ಇಳಿದುಕೊಳ್ಳುವ ಮನೆಯನ್ನು ಗೊತ್ತುಮಾಡಬೇಕು. ತೀರ್ಪುಗಾರರಿಗೆ ಸಂಭಾವನೆ ಸಲ್ಲಬೇಕು. ನೆಲವನ್ನು ಹದಗೊಳಿಸುವ ಆಳಿಗೆ ಕೂಲಿ ಮುಟ್ಟಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಖರ್ಚಾದ ಪ್ರತಿಯೊಂದು ಕಾಸಿಗೂ ಕೇಳಿದವರಿಗೆ ಲೆಕ್ಕ ಒಪ್ಪಿಸಬೇಕು. ಮದುವೆಯ ಮನೆಯಲ್ಲಿ ಉಗ್ರಾಣದ ಬೀಗದ ಕೈ ಹಿಡಿದ ಹಿರಿಯರನ್ನು ನೆನೆಯಿರಿ. ಮಂಟಪದ ಹತ್ತಿರ ಅವರ ಮುಖವೇ ಕಾಣುವುದಿಲ್ಲ. ಆದರೆ ಅವರೊಬ್ಬರು ಎಡವಿದರೆ ಪಂಕ್ತಿಯ ನಡುವೆ ಅನ್ನವು ಸಾಲದೆ ಹೋಗುತ್ತದೆ.

ಕ್ರಿಕೆಟ್ ಮಂಡಳಿಯಲ್ಲಿ ಹಾಗೆ ಬೀಗದ ಕೈ ಹಿಡಿದವರಲ್ಲೊಬ್ಬರು ಝಾಲ್ ಆರ್. ಇರಾನಿಯವರು. ಹೆಸರನ್ನು ಕೇಳಿ ಇರಾನ್ ದೇಶದವರೆಂದು ತಿಳಿಯಬಾರದು; ಇದು ನಮ್ಮ ದೇಶದಲ್ಲಿಯೇ ನೆಲೆಸಿದವರ ಮನೆತನದ ಹೆಸರು. ೧೯೨೮ರಲ್ಲಿ ಮಂಡಳಿಯು ಹುಟ್ಟಿದಂದಿನಿಂದ ೧೯೭೦ರಲ್ಲಿ ತಾವು ಕಾಲವಾಗುವವರೆಗೆ, ಎಂದರೆ ನಾಲ್ವತ್ತು ವರ್ಷಗಳಿಗೂ ಮಿಕ್ಕಿ, ಇವರು ಅದರ ಸಂಬಂಧವನ್ನು ಬಿಡಲಿಲ್ಲ. ಬಹುಕಾಲ ಖಜಾಂಚಿಯಾಗಿದ್ದು, ಕೊನೆಗೆ ೧೯೬೬ರಿಂದ ೧೯೬೯ರವರೆಗೆ ಅಧ್ಯಕ್ಷರೂ ಆದರು. ಅಧ್ಯಕ್ಷ ಪದವಿಯು ಬಂದುದು ಕಪ್ಪಿಗೆ ಹೆಸರು ಬಂದ ಮೇಲೆ ಎಂಬುದನ್ನು ಇಲ್ಲಿ ಗಮನಿಸತಕ್ಕದ್ದು. ಗೌರವವು ಸಂದದ್ದು ದೊಡ್ಡ ಕುರ್ಚಿಗಲ್ಲ, ಬಹುಕಾಲದ ಸೇವೆಗೆ.

ಅದು ನಡೆದುದು ಹೀಗೆ. ೧೯೫೯-೬೦ರಲ್ಲಿ ರಣಜಿ ಪಾರಿತೋಷಕಕ್ಕೆ ಇಪ್ಪತ್ತೈದು ವರ್ಷ ತುಂಬಿತು. ಆ ರಜತೋತ್ಸವದ ನೆನಪಿಗಾಗಿ, ರಣಜಿಯನ್ನು ಗೆದ್ದ ತಂಡಕ್ಕೂ ದೇಶದ ಉಳಿದೆಲ್ಲ ತಂಡಗಳಿಂದ ಆಯ್ದ ಆಟಗಾರರಿಗೂ ಒಂದು ಪಂದ್ಯವನ್ನು ನಡೆಸಬೇಕೆಂದು ಮಂಡಳಿಯು ನಿಶ್ಚಯಿಸಿತು. ಆ ಪಂದ್ಯದ ಪಾರಿತೋಷಕಕ್ಕೆ ಇರಾನಿಯವರ ಹೆಸರನ್ನಿಟ್ಟರು. ೧೯೬೦ರ ಮಾರ್ಚಿಯಲ್ಲಿ ದಿಲ್ಲಿಯ ಕರ್ನೈಲ್ ಸಿಂಗ್ ಮೈದಾನದಲ್ಲಿ ಮೊದಲ ಪಂದ್ಯವು ನಡೆಯಿತು. ಉಳಿದ ಭಾರತದ ತಂಡಕ್ಕೆ ಲಾಲಾ ಅಮರನಾಥರು ನಾಯಕರು. ಆಗ ಅವರಿಗೆ ೪೮ ವರ್ಷ. ಮೊದಲನೆಯ ಸರದಿಯ ಮುನ್ನಡೆಯಿಂದ ಮುಂಬಯಿಯವರು ಗೆದ್ದರು. ಪಂದ್ಯವು ಪೂರ್ತಿಯಾಗದೆ ಉಳಿದಾಗ ಮೊದಲ ಸರದಿಯಲ್ಲಿ ಮುಂದಿದ್ದವರೇ ಗೆದ್ದಂತೆ ಎಂಬ ಕಟ್ಟಳೆಯು ಇಂದಿಗೂ ಇದೆ.

ಈ ಒಂದು ಪಂದ್ಯಕ್ಕೆ ಅಷ್ಟೊಂದು ಬೆಲೆಯೇಕೆ ಎಂದು ಕೇಳಬಹುದು. ಒಂದು ಪ್ರಾಂತದವರು ವರ್ಷವೆಲ್ಲ ದುಡಿದು ಗಳಿಸಿದ ಕೀರ್ತಿಯನ್ನು ಇಡೀ ದೇಶದ ಎದುರಿನಲ್ಲಿ ಒರೆಗೆ ಹಚ್ಚುವ ಕಲ್ಲು ಇದು. ಜೊತೆಗೆ, ದೇಶದ ತಂಡಕ್ಕೆ ಆಟಗಾರರನ್ನು ಆರಿಸುವವರ ಕಣ್ಣಿಗೆ ಬೀಳಲು ಇದಕ್ಕಿಂತ ಒಳ್ಳೆಯ ಜಗುಲಿ ಬೇರೊಂದಿಲ್ಲ. ೧೯೮೯ರ ನವೆಂಬರಿನಲ್ಲಿ ಮುಂಬಯಿಯಲ್ಲಿ ದಿಲ್ಲಿಯ ವಿರುದ್ಧ ಉಳಿದ ಭಾರತದ ಪರವಾಗಿ ಹದಿನಾರು ವರ್ಷದ ಸಚಿನ್ ತೆಂಡೂಲಕರನು ಆಡಿದನು. ಒಂದು ಕಡೆಯಿಂದ ವಿಕೆಟ್ಟುಗಳು ಉರುಳುತ್ತ ಬಂದುವು. ಹುಡುಗನ ನೂರು ಇನ್ನೂ ಆಗಿರಲಿಲ್ಲ. ಆಗ ಕೈಯ ಮೂಳೆ ಮುರಿದುಕೊಂಡಿದ್ದ ಗುರುಶರಣ ಸಿಂಗನು ಒಂದೇ ಕೈಯಲ್ಲಿ ಬ್ಯಾಟು ಹಿಡಿದು ಬಂದು ಎದುರು ತುದಿಯಲ್ಲಿ ನಿಂತನು. ಹುಡುಗನು ೧೦೩ ರನ್ನು ಮಾಡಿ ಔಟಾಗದೆ ಉಳಿದನು. ಅದೇ ತಿಂಗಳು ಪಾಕಿಸ್ತಾನದಲ್ಲಿ ತನ್ನ ಮೊದಲ ಟೆಸ್ಟನ್ನು ಆಡಿದನು. ಆ ೧೦೩ನ್ನು ಲೋಕವೆಲ್ಲ ಬಲ್ಲುದು. ಎದುರು ತುದಿಯಲ್ಲಿ ಮುರಿದ ಕೈಯೊಡನೆ ನಿಂತವನನ್ನು ಬಲ್ಲವರು ಕೆಲವರೇ. ಖಜಾಂಚಿಯ ಹೆಸರಿನ ಕಪ್ಪಿಗೆ ಇದಕ್ಕಿಂತ ತಕ್ಕ ಕಥೆಯು ಮತ್ತೊಂದಿರಲಾರದು.

ನಮ್ಮ ನಾಡಿಗೆ ಈ ಕಪ್ಪು ಬಂದ ಬಗೆಯನ್ನೂ ಹೇಳಬೇಕು. ೧೯೫೬ರ ನವೆಂಬರ ೧ರಂದು ಭಾಷಾವಾರು ವಿಂಗಡಣೆಯಾದಾಗ ರಾಯಚೂರು ಜಿಲ್ಲೆಯೊಡನೆ ನಮ್ಮ ಸೀಮೆಯೂ ಮೈಸೂರು ರಾಜ್ಯಕ್ಕೆ ಸೇರಿತು. ೧೯೭೩ರ ನವೆಂಬರ ೧ರಂದು ಆ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಾಯಿತು. ಆ ಹೊಸ ಹೆಸರಿನಲ್ಲಿ ಆಡಿದ ಮೊದಲ ವರ್ಷವೇ ನಮ್ಮ ತಂಡವು ಅಸಾಧ್ಯವೆನಿಸಿದ್ದನ್ನು ಸಾಧಿಸಿತು. ಮುಂಬಯಿಯವರು ೧೯೫೮-೫೯ರಿಂದ ಹದಿನೈದು ವರ್ಷ ಎಡೆಬಿಡದೆ ರಣಜಿಯನ್ನು ಗೆದ್ದಿದ್ದರು. ೧೯೭೪ರಲ್ಲಿ ಬೆಂಗಳೂರಿನ ಉಪಾಂತ್ಯ ಪಂದ್ಯದಲ್ಲಿ ಜಿ. ಆರ್. ವಿಶ್ವನಾಥ ಮತ್ತು ಬ್ರಿಜೇಶ ಪಟೇಲರು ಶತಕಗಳನ್ನು ಹೊಡೆದರು. ನಾಯಕ ಪ್ರಸನ್ನರು ಸುನೀಲ ಗಾವಸ್ಕರರ ಕೋಲನ್ನು ಕೆಡವಿದರು. ಮೊದಲ ಸರದಿಯ ಮುನ್ನಡೆಯಿಂದ ಕರ್ನಾಟಕವು ಗೆದ್ದಿತು. ಅಂತಿಮ ಪಂದ್ಯದಲ್ಲಿ ರಾಜಸ್ಥಾನವನ್ನು ಜಯಪುರದಲ್ಲಿಯೇ ಸೋಲಿಸಿದರು. ಮದರಾಸಿನಲ್ಲಿ ಒಂದೇ ದಿನದಲ್ಲಿ ಸೋತ ತಂಡಕ್ಕೆ ನಾಲ್ವತ್ತು ವರ್ಷಗಳ ಮೇಲೆ ದೊರೆತ ಫಲವಿದು. ೧೯೭೪-೭೫ರಲ್ಲಿ ಇರಾನಿ ಕಪ್ಪೂ ನಮ್ಮದಾಯಿತು. ಅಲ್ಲಿಂದ ಇಲ್ಲಿಯವರೆಗೆ ಕರ್ನಾಟಕವು ಎಂಟು ಸಲ ರಣಜಿಯನ್ನೂ ಆರು ಸಲ ಇರಾನಿಯನ್ನೂ ಗೆದ್ದಿದೆ. ಕೊನೆಯ ಎರಡು ಸಲ, ೨೦೧೪ ಮತ್ತು ೨೦೧೫ರಲ್ಲಿ, ನಾಯಕರಾಗಿದ್ದವರು ದಾವಣಗೆರೆಯ ವಿನಯಕುಮಾರರು.

ಈ ಗೆಲುವುಗಳ ಹಿಂದೆಯೂ ಒಬ್ಬ ಬೀಗದ ಕೈಯ ಹಿರಿಯರಿದ್ದರು. ಮಂಡ್ಯದ ವಕೀಲರಾದ ಮಂಗಳಂ ಚಿನ್ನಸ್ವಾಮಿಯವರು ೧೯೫೩ರಿಂದ ೧೯೭೮ರವರೆಗೆ ನಮ್ಮ ರಾಜ್ಯದ ಕ್ರಿಕೆಟ್ ಸಂಸ್ಥೆಯ ಕಾರ್ಯದರ್ಶಿಗಳು. ಮುಂದೆ ಅದರ ಅಧ್ಯಕ್ಷರು. ೧೯೬೦ರಿಂದ ೧೯೬೫ರವರೆಗೆ ಅಖಿಲ ಭಾರತ ಮಂಡಳಿಯ ಕಾರ್ಯದರ್ಶಿಯಾಗಿ ಇರಾನಿಯವರೊಡನೆ ಕೆಲಸಮಾಡಿ, ೧೯೭೭ರಿಂದ ೧೯೮೦ರವರೆಗೆ ಅದೇ ಮಂಡಳಿಯ ಅಧ್ಯಕ್ಷರೂ ಆದರು. ಬೆಂಗಳೂರಿನ ನಡುಮಧ್ಯದಲ್ಲಿ ಸರಕಾರದಿಂದ ಜಾಗವನ್ನು ಪಡೆದು, ೧೯೭೦ರಲ್ಲಿ ಕ್ರೀಡಾಂಗಣದ ಕಟ್ಟಡವನ್ನು ಆರಂಭಿಸಿ, ೧೯೭೪ರ ನವೆಂಬರಿನಲ್ಲಿ ವೆಸ್ಟ್ ಇಂಡೀಸಿನವರೊಡನೆ ಅಲ್ಲಿ ಮೊದಲ ಟೆಸ್ಟನ್ನು ನಡೆಸುವಂತೆ ಮಾಡಿದುದು ಅವರ ಕಾಲದಲ್ಲಿ. ಇಂದು ಆ ಕ್ರೀಡಾಂಗಣಕ್ಕೆ ಅವರದೇ ಹೆಸರು.

ಆದರೆ ಹೆಸರು ಕೆತ್ತಿದ ಮಾತ್ರಕ್ಕೆ ಕೆಲಸವು ಮುಗಿಯಲಿಲ್ಲ. ೨೦೨೫ರ ಜೂನ್ ೪ರಂದು ಒಂದು ವಿಜಯೋತ್ಸವವನ್ನು ನೋಡಲು ಅದೇ ಕ್ರೀಡಾಂಗಣದ ಬಾಗಿಲುಗಳಲ್ಲಿ ನೆರೆದ ಜನಸಾಗರದ ನೂಕುನುಗ್ಗಲಿನಲ್ಲಿ ಹನ್ನೊಂದು ಮಂದಿ ಪ್ರಾಣ ಕಳೆದುಕೊಂಡರು. ಆಡಳಿತವೆಂಬುದು ಆಟದ ಅಲಂಕಾರವಲ್ಲ. ಬಾಗಿಲು ಎಷ್ಟು, ಒಳಗೆ ಹಿಡಿಯುವ ಜನವೆಷ್ಟು, ಬರುವವರೆಷ್ಟು ಎಂಬ ಲೆಕ್ಕವು ತಪ್ಪಿದಲ್ಲಿ ಜೀವವೇ ಹೋಗುತ್ತದೆಂಬುದನ್ನು ಆ ಸಂಜೆಯು ಎಷ್ಟೋ ತಾಯಂದಿರಿಗೆ ಕಲಿಸಿತು. ಹಣದ ವಿಷಯದಲ್ಲಿಯೂ ಹಾಗೆಯೇ. ಒಂದು ಕಾಲಕ್ಕೆ ವರ್ಗಣಿಯಿಂದ ನಡೆಯುತ್ತಿದ್ದ ಮಂಡಳಿಗೆ ದೂರದರ್ಶನದ ದೆಸೆಯಿಂದ ಕೋಟಿಗಟ್ಟಲೆ ಧನವು ಹರಿದುಬಂದಿತು. ಹಣದೊಡನೆ ಜನರ ಸಂಶಯವೂ ಬಂದಿತು. ಸರ್ವೋಚ್ಚ ನ್ಯಾಯಾಲಯವು ನ್ಯಾಯಮೂರ್ತಿ ಲೋಧಾರವರ ಸಮಿತಿಯನ್ನು ನೇಮಿಸಿ, ಅದರ ಸಲಹೆಗಳಲ್ಲಿ ಹೆಚ್ಚಿನವನ್ನು ೨೦೧೬ರ ಜುಲೈಯಲ್ಲಿ ಒಪ್ಪಿಕೊಂಡಿತು. ಪದಾಧಿಕಾರಿಯು ಒಂದೇ ಕುರ್ಚಿಯಲ್ಲಿ ಬಹುಕಾಲ ಕೂರಬಾರದೆಂಬುದು ಆ ಸಲಹೆಗಳಲ್ಲೊಂದು. ನಾಲ್ವತ್ತು ವರ್ಷ ಸೇವೆಮಾಡಿದವರ ಹೆಸರಿನ ಕಪ್ಪನ್ನು ಕೊಡುವ ಮಂಡಳಿಗೇ ಇಂಥ ಕಟ್ಟಳೆಯು ಬೇಕಾಯಿತು. ಕಪ್ಪಿನ ಮೇಲೆ ಆಡಳಿತಗಾರನ ಹೆಸರಿರುವುದು ಅವನ ವಾರಸುದಾರರಿಗೆ ಬಿರುದಲ್ಲ, ತೀರಿಸಬೇಕಾದ ಸಾಲ.

ಇರಾನಿ ಕಪ್ಪಿನ ಹಿಂದಿನ ವೈಭವವು ಈಗ ಕೊಂಚ ಮಾಸಿದೆಯೆಂಬುದನ್ನು ಒಪ್ಪಿಕೊಳ್ಳಬೇಕು. ಮೊದಲು ಋತುವಿನ ಕೊನೆಗೆ ನಡೆಯುತ್ತಿದ್ದ ಪಂದ್ಯವನ್ನು ೧೯೬೫-೬೬ರಿಂದ ಆರಂಭಕ್ಕೆ ತಂದರು. ೨೦೧೩ರಲ್ಲಿ ಮತ್ತೆ ಕೊನೆಗೆ ಒಯ್ದರು. ಇತ್ತೀಚೆಗೆ ಪುನಃ ಅಕ್ಟೋಬರದಲ್ಲಿ ನಡೆಸುತ್ತಿದ್ದಾರೆ. ಮೂರು ತಾಸಿನ ಆಟಗಳ ಗದ್ದಲದಲ್ಲಿ ಐದು ದಿನಗಳ ಈ ಪಂದ್ಯಕ್ಕೆ ಪ್ರೇಕ್ಷಕರು ವಿರಳ. ಹಾಗಿದ್ದರೂ ಆಟದ ಸತ್ವವು ಕುಂದಿಲ್ಲ. ೨೦೧೬ರಲ್ಲಿ ಮುಂಬಯಿಯ ನೆಲದಲ್ಲಿ ಮುಂಬಯಿಯವರು ಒಡ್ಡಿದ ೪೮೦ ರನ್ನುಗಳ ಗುರಿಯನ್ನು ಉಳಿದ ಭಾರತದವರು ಮುಟ್ಟಿ ಗೆದ್ದರು. ಅದರಲ್ಲಿ ನಮ್ಮ ಕರುಣ ನಾಯರರ ಪಾಲು ಹಿರಿದು. ೨೦೧೯ರಲ್ಲಿ ಗೆದ್ದ ವಿದರ್ಭದವರು ತಮ್ಮ ಬಹುಮಾನದ ಹಣವನ್ನು ಪುಲವಾಮಾದಲ್ಲಿ ಮಡಿದ ಯೋಧರ ಕುಟುಂಬಗಳಿಗೆ ಅರ್ಪಿಸಿದರು.

ಇನ್ನೊಂದು ಸಂಗತಿಯು ನನಗೆ ಬಹಳ ಮೆಚ್ಚುಗೆಯಾಯಿತು. ಕೊರೋನಾ ಬೇನೆಯ ದೆಸೆಯಿಂದ ೨೦೨೦ ಮತ್ತು ೨೦೨೧ರಲ್ಲಿ ಇರಾನಿ ಪಂದ್ಯವು ನಡೆಯಲಿಲ್ಲ. ೨೦೧೯-೨೦ರಲ್ಲಿ ರಣಜಿ ಗೆದ್ದ ಸೌರಾಷ್ಟ್ರದವರ ಪಂದ್ಯವು ಬಾಕಿಯಾಗಿಯೇ ಉಳಿಯಿತು. ಅದು ಹೋದರೆ ಹೋಯಿತೆಂದು ಕೈಬಿಡದೆ, ೨೦೨೨ರ ಅಕ್ಟೋಬರದಲ್ಲಿ ರಾಜಕೋಟೆಯಲ್ಲಿ ಆ ಪಂದ್ಯವನ್ನು ಆಡಿಸಿದರು. ಆಮೇಲೆ ೨೦೨೩ರ ಮಾರ್ಚಿಯಲ್ಲಿ ಗ್ವಾಲಿಯರದಲ್ಲಿ ಮಧ್ಯಪ್ರದೇಶದವರ ಪಂದ್ಯವೂ ನಡೆಯಿತು. ಹಳೆಯ ಬಾಕಿಯನ್ನು ತಡವಾಗಿಯಾದರೂ ಜಮಾ ಮಾಡಿದ ಈ ಕ್ರಮವು ಖಜಾಂಚಿಯ ಹೆಸರಿನ ಕಪ್ಪಿಗೆ ಒಪ್ಪುವಂಥದೇ.

ನಮ್ಮಂಥ ಊರುಗಳಿಗೆ ಇದರಿಂದೇನು ಎನ್ನುವವರಿಗೆ ಒಂದು ಮಾತು. ರಾಜ್ಯದ ಸಂಸ್ಥೆಯು ನಾಡನ್ನು ವಲಯಗಳಾಗಿ ಹಂಚಿದೆ. ನಮ್ಮ ಸೀಮೆಯು ರಾಯಚೂರು ವಲಯದಲ್ಲಿದೆ. ರಾಯಚೂರಿನಲ್ಲಿ ಹುಟ್ಟಿದ ಯರೇಗೌಡರು ಬಹುಕಾಲ ರೈಲ್ವೆ ತಂಡದ ಆಧಾರಸ್ತಂಭವಾಗಿದ್ದರು. ಆ ತಂಡವು ೨೦೦೧-೦೨ರಲ್ಲಿ ರಣಜಿಯನ್ನೂ ಮರುವರ್ಷ ಇರಾನಿಯನ್ನೂ ಗೆದ್ದಿತು. ಗದ್ದೆಯಲ್ಲಿ ಕೋಲು ನೆಟ್ಟು ಆಡುವ ಹುಡುಗನಿಂದ ಇರಾನಿ ಕಪ್ಪಿನವರೆಗೆ ಒಂದು ದಾರಿಯಂತೂ ಇದೆ. ಆ ದಾರಿಯ ಪ್ರತಿಯೊಂದು ತಿರುವಿನಲ್ಲಿಯೂ ಒಬ್ಬ ಲೆಕ್ಕಿಗನು ಕುಳಿತಿರುತ್ತಾನೆ. ಆಯ್ಕೆಯ ದಿನವನ್ನು ಕಾಲಕ್ಕೆ ಸರಿಯಾಗಿ ತಿಳಿಸುವವನು ಅವನು. ಹುಡುಗನ ಹೆಸರನ್ನು ಪಟ್ಟಿಯಲ್ಲಿ ಬಿಡದೆ ಬರೆಯುವವನು ಅವನು. ಅವನು ನ್ಯಾಯವಂತನಾಗಿದ್ದರೆ ದಾರಿಯು ತೆರೆದಿರುತ್ತದೆ. ಇಲ್ಲದಿದ್ದರೆ ಎಂಥ ಕೈಚಳಕವೂ ಗದ್ದೆಯ ಬದುವಿನಲ್ಲಿಯೇ ಮುಗಿದುಹೋಗುತ್ತದೆ.

ಇದೆಲ್ಲವನ್ನೂ ಮೊಮ್ಮಗನಿಗೆ ಎರಡು ಸಂಜೆ ಕೂತು ಹೇಳಿದೆನು. ಕೊನೆಗೆ ಅವನು ಕೇಳಿದ್ದು ಒಂದೇ ಮಾತು: "ಹಂಗಾದ್ರ ಇರಾನಿಯವ್ರಿಗೆ ಆಡಬೇಕು ಅನಸ್ತಿರ್ಲಿಲ್ಲೇನು ತಾತಾ?"

ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. "ನಿನಗ ಅನಸ್ತದಲ್ಲ, ನೀನು ಆಡೋದು ಬಿಡಬ್ಯಾಡ, ಲೆಕ್ಕಾನೂ ಬಿಡಬ್ಯಾಡ," ಎಂದೆನು.

ಮರುದಿನ ಜಗುಲಿಯ ಮೇಲಿನ ಪುಸ್ತಕವು ಕಾಣಲಿಲ್ಲ. ಸಂಜೆ ಗದ್ದೆಯ ಕಡೆಗೆ ಹೋದಾಗ ಅವನು ಬದುವಿನ ಮೇಲೆ ಕುಳಿತು ರನ್ನು ಬರೆಯುತ್ತಿದ್ದನು. ಆಟ ಮುಗಿದ ಮೇಲೆ ಹುಡುಗರು ಅವನನ್ನೂ ಕರೆದು ಕೈಗೆ ಬ್ಯಾಟು ಕೊಟ್ಟರು. ನಾಲ್ಕನೆಯ ಚೆಂಡಿಗೆ ಅವನ ಕೋಲು ಬಿದ್ದಿತು. ಪುಸ್ತಕವನ್ನು ಎತ್ತಿಕೊಂಡು, ತನ್ನ ಹೆಸರಿನ ಮುಂದೆ ಸೊನ್ನೆಯನ್ನು ತಾನೇ ಬರೆದನು. ಒಳ್ಳೆಯ ಲೆಕ್ಕಿಗನ ಲಕ್ಷಣವು ಅದೇ ಅಲ್ಲವೆ?